ಸಹಿ ಹಾಕದೆ ವಿಮಾನ ಹತ್ತಿದ ಕೋಚ್

2017ರ ಅಕ್ಟೋಬರ್ 6ರ ರಾತ್ರಿ. ರಿಯೆಕಾ ನಗರದ ರುಯೆವಿತ್ಸಾ ಮೈದಾನದಲ್ಲಿ ಕ್ರೊವೇಷಿಯಾ ತಂಡ ಫಿನ್ಲೆಂಡ್ ವಿರುದ್ಧ ಒಂದು ಗೋಲಿನಿಂದ ಮುಂದಿತ್ತು. ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ, 90ನೇ ನಿಮಿಷದಲ್ಲಿ, ಫಿನ್ಲೆಂಡಿನ ಪೈರಿ ಸೊಯ್ರಿ ಚೆಂಡನ್ನು ಬಲೆಗೆ ಸೇರಿಸಿದರು. 1-1. ಅದೇ ರಾತ್ರಿ ಐಸ್‌ಲೆಂಡ್ ತಂಡ ಟರ್ಕಿಯನ್ನು ಅದರ ನೆಲದಲ್ಲೇ ಮೂರು ಗೋಲುಗಳಿಂದ ಬಡಿದು ಗುಂಪಿನ ತುದಿಗೆ ಏರಿತು. ರಷ್ಯಾ ವಿಶ್ವಕಪ್‌ಗೆ ನೇರ ಪ್ರವೇಶ ಕ್ರೊವೇಷಿಯಾದ ಕೈತಪ್ಪುವುದರಲ್ಲಿತ್ತು. ಉಳಿದಿದ್ದು ಒಂದೇ ಪಂದ್ಯ, ಅದೂ ಕೀವ್ ನಗರದಲ್ಲಿ, ಅಷ್ಟೇ ಅಂಕ ಗಳಿಸಿದ್ದ ಉಕ್ರೇನ್ ಎದುರು. ಸೋತರೆ ಪ್ಲೇ-ಆಫ್ ಕೂಡ ಇಲ್ಲ.

ಮರುದಿನ ಕೋಚ್ ಆಂಟೆ ಚಾಚಿಚ್ ಅವರನ್ನು ಮನೆಗೆ ಕಳಿಸಲಾಯಿತು. ಅವರ ಜಾಗಕ್ಕೆ ಫುಟ್‌ಬಾಲ್ ಒಕ್ಕೂಟ ಕರೆದದ್ದು 50 ವರ್ಷದ ಜ್ಲಾಟ್ಕೊ ದಾಲಿಚ್ ಅವರನ್ನು. ಪಂದ್ಯಕ್ಕೆ ಉಳಿದಿದ್ದು ಎರಡು ದಿನ. ದಾಲಿಚ್ ತಮ್ಮ ಆಟಗಾರರನ್ನು ಮೊದಲು ಕಂಡದ್ದು ಜಾಗ್ರೆಬ್ ವಿಮಾನ ನಿಲ್ದಾಣದಲ್ಲಿ. ಕೈಯಲ್ಲಿ ಒಪ್ಪಂದದ ಕಾಗದವೇ ಇರಲಿಲ್ಲ. ಗೆದ್ದರೆ ಮಾತಾಡೋಣ, ಇಲ್ಲದಿದ್ದರೆ ಎಲ್ಲಿಂದ ಬಂದೆನೋ ಅಲ್ಲಿಗೆ ಹೋಗುತ್ತೇನೆ ಎನ್ನುವ ಧೋರಣೆಯಲ್ಲಿ ಅವರು ವಿಮಾನ ಹತ್ತಿದರು. ಅಕ್ಟೋಬರ್ 9ರಂದು ಆಂಡ್ರೆ ಕ್ರಮಾರಿಚ್ ಎರಡು ಗೋಲು ಹೊಡೆದರು. ಕ್ರೊವೇಷಿಯಾ 2-0ಯಿಂದ ಗೆದ್ದಿತು. ನವೆಂಬರ್‌ನಲ್ಲಿ ಪ್ಲೇ-ಆಫ್. ಜಾಗ್ರೆಬ್‌ನಲ್ಲಿ ಗ್ರೀಸ್ ವಿರುದ್ಧ 4-1, ಗ್ರೀಸ್ ನೆಲದಲ್ಲಿ 0-0. ರಷ್ಯಾಕ್ಕೆ ಟಿಕೆಟ್ ಖಚಿತವಾಯಿತು. ಸಹಿಯ ಮಾತು ಬಂದದ್ದು ಆಮೇಲೆ.

ಆ ಹೊತ್ತಿನಲ್ಲಿ ಯುರೋಪಿನ ಬಹುತೇಕ ಅಭಿಮಾನಿಗಳಿಗೆ ದಾಲಿಚ್ ಯಾರೆಂದೇ ಗೊತ್ತಿರಲಿಲ್ಲ. ಅದು ಸಹಜವೂ ಆಗಿತ್ತು. ಆಟಗಾರನಾಗಿ ಅವರು ಕ್ರೊವೇಷಿಯಾದ ಅಂಗಿ ತೊಟ್ಟು ಒಂದೇ ಒಂದು ಪಂದ್ಯ ಆಡಿದವರಲ್ಲ. ಕೋಚ್ ಆಗಿ ಹಿಂದಿನ ಏಳು ವರ್ಷಗಳ ಬಹುಪಾಲನ್ನು ಸೌದಿ ಅರೇಬಿಯಾ ಮತ್ತು ಯುಎಇಯಲ್ಲಿ ಕಳೆದಿದ್ದರು. ಇಂಥವರು ಮುಂದಿನ ಆರು ವರ್ಷಗಳಲ್ಲಿ ಸುಮಾರು 40 ಲಕ್ಷ ಜನಸಂಖ್ಯೆಯ ಒಂದು ದೇಶಕ್ಕೆ ವಿಶ್ವಕಪ್ ಬೆಳ್ಳಿ, ವಿಶ್ವಕಪ್ ಕಂಚು, ನೇಷನ್ಸ್ ಲೀಗ್ ಬೆಳ್ಳಿ ತಂದುಕೊಟ್ಟರು. ಸದ್ದಿಲ್ಲದ ಆ ಹಿಂದಿನ ಮೂವತ್ತು ವರ್ಷಗಳನ್ನು ನೋಡದೆ ಇದು ಹೇಗಾಯಿತು ಎಂದು ತಿಳಿಯುವುದು ಕಷ್ಟ.

ದಾಲಿಚ್ ಹುಟ್ಟಿದ್ದು 1966ರ ಅಕ್ಟೋಬರ್ 26ರಂದು, ಪಶ್ಚಿಮ ಬೋಸ್ನಿಯಾದ ಲಿವ್ನೊದಲ್ಲಿ. ಗಿಣ್ಣಿಗೆ, ಅಂದರೆ ಚೀಸ್‌ಗೆ, ಹೆಸರಾದ ಬೆಟ್ಟದ ನಡುವಿನ ಊರು. ಕ್ರೊವೇಷಿಯಾದ ಗಡಿ ಅಲ್ಲಿಂದ ದೂರವಿಲ್ಲ. ಆಗ ಗಡಿಗೆ ಅರ್ಥವೂ ಇರಲಿಲ್ಲ, ಎಲ್ಲವೂ ಯುಗೊಸ್ಲಾವಿಯಾ. ಊರಿನ ಟ್ರೋಗ್ಲಾವ್ ಕ್ಲಬ್‌ನಲ್ಲಿ ಆಡುತ್ತಿದ್ದ ಹುಡುಗ ಹದಿಹರೆಯದಲ್ಲೇ ಬೆಟ್ಟ ಇಳಿದು ಕಡಲತೀರದ ಸ್ಪ್ಲಿಟ್‌ಗೆ, ಹಾಯ್ದುಕ್ ಕ್ಲಬ್‌ಗೆ ಬಂದ. ಡಾಲ್ಮೇಷಿಯಾದ ಹುಡುಗರಿಗೆ ಹಾಯ್ದುಕ್ ಎಂದರೆ ಕನಸು. ಆದರೆ ಮೊದಲ ತಂಡದಲ್ಲಿ ಜಾಗ ಗಟ್ಟಿಯಾಗಲಿಲ್ಲ. ಅಲ್ಲಿಂದ ವಿಂಕೊವ್ಚಿಗೆ, ಬಳಿಕ ಈಗ ಪೊಡ್ಗೊರಿತ್ಸಾ ಎನ್ನುವ ಅಂದಿನ ಟಿಟೊಗ್ರಾದ್‌ನ ಬುದುಚ್ನೊಸ್ಟ್ ಕ್ಲಬ್‌ಗೆ, ಕೊನೆಗೆ ಮೋಸ್ಟಾರ್‌ನ ವೆಲೆಜ್ ಕ್ಲಬ್‌ಗೆ. ಅವರದು ಡಿಫೆನ್ಸಿವ್ ಮಿಡ್‌ಫೀಲ್ಡರ್ ಕೆಲಸ: ಎದುರಾಳಿಯ ದಾಳಿಯನ್ನು ನಡುವಿನಲ್ಲೇ ಮುರಿಯುವುದು, ಸಿಕ್ಕ ಚೆಂಡನ್ನು ತನಗಿಂತ ಚೆನ್ನಾಗಿ ಆಡಬಲ್ಲವನಿಗೆ ಒಪ್ಪಿಸುವುದು. ಪತ್ರಿಕೆಯ ತಲೆಬರಹಕ್ಕೆ ಇಂಥ ಆಟಗಾರ ಸಿಗುವುದಿಲ್ಲ. ಪಂದ್ಯದುದ್ದಕ್ಕೂ ಮೈದಾನದ ನಡುಮಧ್ಯೆ ನಿಂತು ಆಟ ಯಾವ ಕಡೆ ವಾಲುತ್ತಿದೆ ಎಂದು ಅಳೆಯುವವನು ಮಾತ್ರ ಅವನೇ.

ಮೋಸ್ಟಾರ್‌ನ ದಿನಗಳು ಹೆಚ್ಚು ಉಳಿಯಲಿಲ್ಲ. ವೆಲೆಜ್ 1981 ಮತ್ತು 1986ರಲ್ಲಿ ಯುಗೊಸ್ಲಾವ್ ಕಪ್ ಗೆದ್ದಿದ್ದ, ಸರ್ಬರು, ಕ್ರೊವಾಟರು, ಬೋಸ್ನಿಯಾಕರು ಒಟ್ಟಿಗೆ ಆಡುತ್ತಿದ್ದ ತಂಡ. 1992ರಲ್ಲಿ ಯುದ್ಧ ಬೋಸ್ನಿಯಾಕ್ಕೆ ಹಬ್ಬಿತು. ಮೋಸ್ಟಾರ್‌ನ ಹಳೆಯ ಕಲ್ಲಿನ ಸೇತುವೆ 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಸಿಕ್ಕಿ ನದಿಗೆ ಕುಸಿಯಿತು. ಇಬ್ಭಾಗವಾದ ನಗರದಲ್ಲಿ ವೆಲೆಜ್ ತನ್ನ ಮೈದಾನವನ್ನೇ ಕಳೆದುಕೊಂಡಿತು. ದಾಲಿಚ್ ಅದಕ್ಕೆ ಮೊದಲೇ, 1992ರಲ್ಲಿ, ಹೊಸ ದೇಶವಾದ ಕ್ರೊವೇಷಿಯಾದ ಉತ್ತರ ಮೂಲೆಯ ವರಾಜ್ದಿನ್‌ಗೆ ಬಂದಿದ್ದರು. ಅಲ್ಲಿನ ಕ್ಲಬ್‌ನ ಹೆಸರು ವಾರ್ಟೆಕ್ಸ್, ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿಯ ಹೆಸರು. ನಡುವೆ ಎರಡು ವರ್ಷ ಮತ್ತೆ ಹಾಯ್ದುಕ್‌ಗೆ ಹೋದದ್ದು ಬಿಟ್ಟರೆ 2000ದಲ್ಲಿ ಬೂಟು ಕಳಚುವವರೆಗೂ ಅವರು ವಾರ್ಟೆಕ್ಸ್‌ನವರೇ.

1998ರಲ್ಲಿ ಫ್ರಾನ್ಸ್‌ನಲ್ಲಿ ಕ್ರೊವೇಷಿಯಾ ತನ್ನ ಮೊದಲ ವಿಶ್ವಕಪ್ ಆಡಿದಾಗ ದಾಲಿಚ್ ಗುಂಪಿನ ಮೂರು ಪಂದ್ಯಗಳನ್ನು ನೋಡಲು ಅಭಿಮಾನಿಯಾಗಿ ಹೋಗಿದ್ದರು. ನಂತರ ಕ್ಲಬ್‌ನ ತಾಲೀಮಿಗೆ ವಾಪಸಾಗಬೇಕಾಯಿತು. ದಾವೊರ್ ಶೂಕರ್ 6 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದದ್ದು, ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು ಸೋತು ತಂಡ ಮೂರನೇ ಸ್ಥಾನ ಪಡೆದದ್ದು ಅವರಿಗೆ ದೂರದಿಂದ ಕಂಡ ವೈಭವ. ಆ ತಂಡದ ಕೋಚ್ ಮಿರೊಸ್ಲಾವ್ ಬ್ಲಾಜೆವಿಚ್. ಎಲ್ಲರ ಬಾಯಲ್ಲಿ 'ಚಿರೊ'. ಅವರೂ ಬೋಸ್ನಿಯಾದವರೇ, ಟ್ರಾವ್ನಿಕ್ ಊರಿನವರು. ಕೊರಳಲ್ಲಿ ಬಿಳಿ ಸ್ಕಾರ್ಫ್, ಮಾತಿನಲ್ಲಿ ಅಬ್ಬರ. ಕೆಲವು ವರ್ಷಗಳ ನಂತರ ಚಿರೊ ವಾರ್ಟೆಕ್ಸ್‌ನ ಕೋಚ್ ಆಗಿ ಬಂದಾಗ ಪಕ್ಕದಲ್ಲಿ ಸಹಾಯಕನಾಗಿ ನಿಂತವರು ದಾಲಿಚ್. ಸ್ವಭಾವದಲ್ಲಿ ಇಬ್ಬರೂ ಉತ್ತರ ದಕ್ಷಿಣ. ಆಟಗಾರರ ಮನಸ್ಸನ್ನು ಗೆಲ್ಲದೆ ಪಂದ್ಯ ಗೆಲ್ಲಲಾಗದು ಎನ್ನುವುದರಲ್ಲಿ ಮಾತ್ರ ಗುರು ಶಿಷ್ಯರು ಒಂದೇ.

2005ರಲ್ಲಿ ವಾರ್ಟೆಕ್ಸ್ ಅವರ ಕೈಗೇ ಬಂತು. ಮರುವರ್ಷ ಕ್ರೊವೇಷಿಯಾ ಕಪ್‌ನ ಫೈನಲ್ ಎರಡು ಚರಣದಲ್ಲಿ ನಡೆಯಿತು. ಮೊದಲ ಚರಣದಲ್ಲಿ ರಿಯೆಕಾ ಎದುರು ವಾರ್ಟೆಕ್ಸ್ 0-4ರಿಂದ ಸೋತಿತು. ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ವರಾಜ್ದಿನ್‌ನ ಎರಡನೇ ಚರಣದಲ್ಲಿ ಅದೇ ತಂಡ 5-1ರಿಂದ ಗೆದ್ದಿತು! ಒಟ್ಟು 5-5. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ ನಿಯಮದಂತೆ ಕಪ್ ರಿಯೆಕಾ ಪಾಲಾಯಿತು. ನಾಲ್ಕು ಗೋಲಿನ ಸೋಲನ್ನು ಹೊತ್ತುಕೊಂಡು ಬಂದವರನ್ನು ಮತ್ತೆ ಮೈದಾನಕ್ಕೆ ಇಳಿಸಿ ಐದು ಗೋಲು ಹೊಡೆಸಿದ ಆ ಸಂಜೆಯನ್ನು ಅವರ ವೃತ್ತಿಯ ಮೊದಲ ದೊಡ್ಡ ಗುರುತು ಎಂದು ಹೇಳಲೇಬೇಕು, ಟ್ರೋಫಿ ಸಿಗದಿದ್ದರೂ.

ಮುಂದೆ ಅದೇ ರಿಯೆಕಾ ಕ್ಲಬ್, ಅಲ್ಬೇನಿಯಾದ ದಿನಾಮೊ ಟಿರಾನಾ, ಕೊಪ್ರಿವ್ನಿತ್ಸಾದ ಸ್ಲಾವೆನ್ ಬೆಲುಪೊ. 2010ರಲ್ಲಿ ಸೌದಿಯ ಅಲ್-ಫೈಸಲಿ. ಹರ್ಮಾ ಎನ್ನುವ ಸಣ್ಣ ಊರಿನ, ಆಗಷ್ಟೇ ಮೇಲಿನ ದರ್ಜೆಗೆ ಏರಿದ್ದ ಕ್ಲಬ್ ಅದು. ಅಲ್ಲಿನ ಕೆಲಸ ನೋಡಿ ರಿಯಾದ್‌ನ ದೈತ್ಯ ಕ್ಲಬ್ ಅಲ್-ಹಿಲಾಲ್ ಕರೆಯಿತು; ಮೊದಲು ಎರಡನೇ ತಂಡಕ್ಕೆ, ಆಮೇಲೆ ಮುಖ್ಯ ತಂಡಕ್ಕೆ. 2013ರಲ್ಲಿ ಅಲ್-ಹಿಲಾಲ್ ಕ್ರೌನ್ ಪ್ರಿನ್ಸ್ ಕಪ್ ಗೆದ್ದಿತು. ಹೊಟ್ಟೆಪಾಡಿಗೆ ದೇಶ ಬಿಟ್ಟು ಹೋಗುವುದು ಕ್ರೊವೇಷಿಯಾದ ಕೋಚ್‌ಗಳಿಗೆ ಹೊಸತಲ್ಲ. ಚಿರೊ 2001ರಲ್ಲಿ ಇರಾನ್ ತಂಡವನ್ನು ಕಟ್ಟಿದವರು. 1998ರ ಕಂಚಿನ ತಂಡದ ಡಿಫೆಂಡರ್ ಇಗೊರ್ ಸ್ಟಿಮಾಚ್ 2019ರಿಂದ 2024ರವರೆಗೆ ಭಾರತದ ಕೋಚ್ ಆಗಿದ್ದರು. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ತಂಡವನ್ನು ಶೂಟೌಟ್‌ನಲ್ಲಿ ಮಣಿಸಿ ಸ್ಯಾಫ್ ಕಪ್ ಎತ್ತಿದ್ದು ಅವರ ಹುಡುಗರೇ.

2014ರ ಮಾರ್ಚ್‌ನಲ್ಲಿ ದಾಲಿಚ್ ಯುಎಇಯ ಅಲ್-ಐನ್ ಕ್ಲಬ್ ಸೇರಿದರು. ಅದೇ ವರ್ಷ ಪ್ರೆಸಿಡೆಂಟ್ಸ್ ಕಪ್, ಮುಂದಿನ ಋತುವಿನಲ್ಲಿ ಲೀಗ್ ಪ್ರಶಸ್ತಿ. ಗುಂಗುರು ಕೂದಲಿನ ಒಮರ್ ಅಬ್ದುಲ್‌ರಹಮಾನ್ ಎಂಬ ಅಪರೂಪದ ಪ್ರತಿಭೆ ಅವರ ಕೈಯಲ್ಲಿತ್ತು. 2016ರಲ್ಲಿ ಅಲ್-ಐನ್ ಏಷ್ಯಾ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಬಂದಿತು. ಕೊರಿಯಾದಲ್ಲಿ ಜಿಯೊನ್‌ಬುಕ್ ಎದುರು 1-2ರ ಸೋಲು, ಮನೆಯಂಗಳದಲ್ಲಿ 1-1. ಈ ಎರಡನೇ ಪಂದ್ಯದಲ್ಲಿ ಸಿಕ್ಕ ಪೆನಾಲ್ಟಿಯನ್ನು ಬ್ರೆಜಿಲಿನ ಡಗ್ಲಸ್ ಕೈಚೆಲ್ಲಿದರು. ಒಂದು ಗೋಲಿನ ಅಂತರದಲ್ಲಿ ಏಷ್ಯಾದ ಕಿರೀಟ ಹೋಯಿತು. ಆದರೆ ದೊಡ್ಡ ತಾರೆಯೊಬ್ಬನನ್ನು ಇಟ್ಟುಕೊಂಡು, ಅವನ ಸುತ್ತ ತಂಡ ಹೆಣೆಯುವ ವಿದ್ಯೆ ಅವರಿಗೆ ಅಲ್ಲಿ ಕರಗತವಾಗಿತ್ತು.

ಕ್ರೊವೇಷಿಯಾದಲ್ಲಿ ಅವರಿಗೆ ಸಿಕ್ಕಿದ್ದು ತಾರೆಯರ ಗುಂಪೇ. ರಿಯಲ್ ಮ್ಯಾಡ್ರಿಡ್‌ನ ಲುಕಾ ಮೋಡ್ರಿಚ್, ಬಾರ್ಸಿಲೋನಾದ ಇವಾನ್ ರಾಕಿಟಿಚ್, ಯುವೆಂಟಸ್‌ನ ಮಾರಿಯೊ ಮಾಂಜುಕಿಚ್, ಇಂಟರ್ ಮಿಲಾನ್‌ನ ಇವಾನ್ ಪೆರಿಶಿಚ್. ಆದರೆ ತಂಡಕ್ಕೂ ಜನಕ್ಕೂ ನಡುವೆ ಬಿರುಕು ಬಿಟ್ಟಿತ್ತು. 2015ರಲ್ಲಿ ಇಟಲಿ ವಿರುದ್ಧದ ಪಂದ್ಯದ ವೇಳೆ ಸ್ಪ್ಲಿಟ್ ಮೈದಾನದ ಹುಲ್ಲಿನ ಮೇಲೆ ಸ್ವಸ್ತಿಕದ ಗುರುತು ಕಾಣಿಸಿಕೊಂಡು ತಂಡ ಒಂದು ಅಂಕ ಕಳೆದುಕೊಂಡಿತ್ತು. 2016ರ ಯೂರೊ ಕಪ್‌ನಲ್ಲಿ ಜೆಕ್ ವಿರುದ್ಧ ಗೆಲ್ಲುತ್ತಿದ್ದಾಗ ಸ್ವಂತ ಅಭಿಮಾನಿಗಳೇ ಮೈದಾನಕ್ಕೆ ಪಟಾಕಿ ಎಸೆದು ಆಟ ನಿಲ್ಲಿಸಿದ್ದರು. ಒಕ್ಕೂಟದ ಮೇಲಿನ ಸಿಟ್ಟು ಅದು. ದಿನಾಮೊ ಜಾಗ್ರೆಬ್ ಕ್ಲಬ್‌ನ ಮಾಜಿ ಮುಖ್ಯಸ್ಥ ಜ್ದ್ರಾವ್ಕೊ ಮಾಮಿಚ್ ವಿರುದ್ಧದ ಮೊಕದ್ದಮೆಯಲ್ಲಿ ಮೋಡ್ರಿಚ್ ನುಡಿದ ಸಾಕ್ಷ್ಯ ಆ ಸಿಟ್ಟನ್ನು ನಾಯಕನ ಮೇಲೂ ತಿರುಗಿಸಿತು. 2018ರ ಮಾರ್ಚ್‌ನಲ್ಲಿ ಸುಳ್ಳು ಸಾಕ್ಷ್ಯದ ಆರೋಪ ಹೊತ್ತ ಮೋಡ್ರಿಚ್ (ಮುಂದೆ ಆ ಆರೋಪ ಬಿದ್ದುಹೋಯಿತು) ಮೂರು ತಿಂಗಳಲ್ಲಿ ನಾಯಕನ ತೋಳುಪಟ್ಟಿ ಕಟ್ಟಿಕೊಂಡು ರಷ್ಯಾಕ್ಕೆ ಹೊರಡಬೇಕಿತ್ತು.

ಮೊದಲ ಪಂದ್ಯದಲ್ಲೇ ದಾಲಿಚ್‌ಗೆ ಪರೀಕ್ಷೆ ಎದುರಾಯಿತು. ಜೂನ್ 16ರಂದು ಕಲಿನಿನ್‌ಗ್ರಾದ್‌ನಲ್ಲಿ ನೈಜೀರಿಯಾ ವಿರುದ್ಧ 2-0ಯ ಗೆಲುವು. ಕೊನೆಯ ನಿಮಿಷಗಳಲ್ಲಿ ಬದಲಿಯಾಗಿ ಇಳಿ ಎಂದರೆ ಮುಂಚೂಣಿಯ ಆಟಗಾರ ನಿಕೊಲಾ ಕಲಿನಿಚ್ ಬೆನ್ನುನೋವು ಎಂದು ಒಪ್ಪಲಿಲ್ಲ. ದಾಲಿಚ್ ಅವರನ್ನು ಮನೆಗೆ ಕಳಿಸಿಬಿಟ್ಟರು. ಉಳಿದದ್ದು 22 ಮಂದಿ. ಮೆದು ಮಾತಿನ ಈ ಮನುಷ್ಯ ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದು ಆ ದಿನ ತಂಡಕ್ಕೆ ಗೊತ್ತಾಯಿತು.

ಗೆದ್ದ ತಂಡವನ್ನು ಬದಲಿಸಬಾರದು ಎನ್ನುತ್ತಾರೆ. ಐದು ದಿನಗಳ ನಂತರ ನಿಜ್ನಿ ನೊವ್ಗೊರೊದ್‌ನಲ್ಲಿ ಅರ್ಜೆಂಟೀನಾ ಎದುರಿಗೆ ದಾಲಿಚ್ ಬದಲಿಸಿದರು. ಕ್ರಮಾರಿಚ್ ಹೊರಗೆ, ಮಾರ್ಸೆಲೊ ಬ್ರೋಜೊವಿಚ್ ಒಳಗೆ. ತಾವು ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವರು ಬ್ರೋಜೊವಿಚ್‌ಗೆ ಒಪ್ಪಿಸಿದ್ದರು: ಹಿಂದೆ ನಿಂತು ದಾರಿ ಮುಚ್ಚು, ಮೆಸ್ಸಿಗೆ ಚೆಂಡು ಹೋಗುವ ಕಾಲುವೆಗಳನ್ನೆಲ್ಲ ಕಟ್ಟು. ಹೆಗಲ ಹೊರೆ ಇಳಿದ ಮೋಡ್ರಿಚ್, ರಾಕಿಟಿಚ್ ಮುಂದಕ್ಕೆ ಸರಿದರು. 53ನೇ ನಿಮಿಷದಲ್ಲಿ ಗೋಲ್‌ಕೀಪರ್ ಕಬಾಯೆರೊ ತಪ್ಪಾಗಿ ಎತ್ತಿದ ಚೆಂಡನ್ನು ಆಂಟೆ ರೆಬಿಚ್ ನೆಲ ಮುಟ್ಟುವ ಮೊದಲೇ ಬಲೆಗೆ ಒದ್ದರು. 80ನೇ ನಿಮಿಷದಲ್ಲಿ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ಮೋಡ್ರಿಚ್ ಹೊಡೆದ ಹೊಡೆತ ಬಲಕ್ಕೆ ಬಾಗುತ್ತ ಮೂಲೆ ಸೇರಿತು. ಕೊನೆಯಲ್ಲಿ ರಾಕಿಟಿಚ್. 3-0. ಆ ವಿಶ್ವಕಪ್‌ನ ಅತ್ಯುತ್ತಮ ತಂಡಪ್ರದರ್ಶನಗಳಲ್ಲಿ ಇದೂ ಒಂದು. ಮೂರನೇ ಪಂದ್ಯಕ್ಕೆ ಒಂಬತ್ತು ಬದಲಾವಣೆ ಮಾಡಿಯೂ ಕ್ರೊವೇಷಿಯಾ ಐಸ್‌ಲೆಂಡನ್ನು 2-1ರಿಂದ ಸೋಲಿಸಿತು.

ಆಮೇಲಿನದು ಉಸಿರು ಬಿಗಿಹಿಡಿದ ಹತ್ತು ದಿನ. ಡೆನ್ಮಾರ್ಕ್ ವಿರುದ್ಧ ನಾಲ್ಕು ನಿಮಿಷದೊಳಗೆ 1-1. ಆಮೇಲೆ ಗೋಲೇ ಇಲ್ಲ. ಹೆಚ್ಚುವರಿ ಸಮಯ ಮುಗಿಯಲು ನಾಲ್ಕು ನಿಮಿಷವಿದ್ದಾಗ ಮೋಡ್ರಿಚ್ ಪೆನಾಲ್ಟಿಯನ್ನು ಕಾಸ್ಪರ್ ಷ್ಮೈಕಲ್ ತಬ್ಬಿಹಿಡಿದರು. ಸ್ವಲ್ಪವೇ ಹೊತ್ತಿಗೆ ಶೂಟೌಟ್. ಅಂಥ ಪೆಟ್ಟು ತಿಂದ ನಾಯಕ ಮತ್ತೆ ಚೆಂಡಿನ ಮುಂದೆ ನಿಂತರು. ಈ ಸಲ ಚೆಂಡು ನಡುವಿನಲ್ಲೇ ಸಾಗಿ ಬಲೆ ಸೇರಿತು. ಇತ್ತ ಗೋಲ್‌ಕೀಪರ್ ಡಾನಿಯೆಲ್ ಸುಬಾಶಿಚ್ ಎರಿಕ್ಸನ್, ಷೋನೆ, ನಿಕೊಲಾಯ್ ಯೋರ್ಗೆನ್ಸನ್ ಮೂವರ ಹೊಡೆತ ತಡೆದರು. ಪಂದ್ಯ ಮುಗಿದಾಗ ಅವರ ಒಳ ಅಂಗಿಯ ಮೇಲಿದ್ದ ಚಿತ್ರ ಹ್ರವೊಯೆ ಚುಸ್ಟಿಚ್‌ದು. 2008ರಲ್ಲಿ ಜಾದರ್ ತಂಡದ ಪಂದ್ಯವೊಂದರಲ್ಲಿ ಚೆಂಡಿನ ಹಿಂದೆ ಓಡುತ್ತ ಮೈದಾನದಂಚಿನ ಕಾಂಕ್ರೀಟ್ ಗೋಡೆಗೆ ತಲೆ ಬಡಿದು ಕೆಲವೇ ದಿನಗಳಲ್ಲಿ ತೀರಿಕೊಂಡ ಗೆಳೆಯ. ಆ ಚೆಂಡನ್ನು ಅವನತ್ತ ಕಳಿಸಿದ್ದು ಸುಬಾಶಿಚ್. ಹತ್ತು ವರ್ಷಗಳಿಂದ ಆ ಅಂಗಿ ಅವರ ಮೈಮೇಲಿತ್ತು. ಮೈದಾನದಲ್ಲಿ ಅದನ್ನು ತೋರಿಸಬೇಡಿ ಎಂದು ಫಿಫಾ ಎಚ್ಚರಿಕೆ ಕೊಟ್ಟಿತು.

ಸೋಚಿಯಲ್ಲಿ ಆತಿಥೇಯ ರಷ್ಯಾ ಎದುರು ಮತ್ತೆ ಹೆಚ್ಚುವರಿ ಸಮಯ, ಮತ್ತೆ ಶೂಟೌಟ್. ಬದಲಿ ಆಟಗಾರರೆಲ್ಲ ಮುಗಿದಿದ್ದರಿಂದ ತೊಡೆಯ ಸ್ನಾಯು ಹಿಡಿದ ಸುಬಾಶಿಚ್ ಕುಂಟುತ್ತಲೇ ಗೋಲಿನಲ್ಲಿ ನಿಂತರು. 2-2, ಶೂಟೌಟ್‌ನಲ್ಲಿ 4-3. ಡೆನ್ಮಾರ್ಕ್ ಎದುರಿನಂತೆ ಇಲ್ಲಿಯೂ ಕೊನೆಯ ಹೊಡೆತ ರಾಕಿಟಿಚ್‌ದು.

ಜುಲೈ 11ರಂದು ಮಾಸ್ಕೋದ ಲುಜ್ನಿಕಿಯಲ್ಲಿ ಇಂಗ್ಲೆಂಡ್ ಜೊತೆ ಸೆಮಿಫೈನಲ್. ಐದನೇ ನಿಮಿಷಕ್ಕೆ ಟ್ರಿಪ್ಪಿಯರ್ ಫ್ರೀ-ಕಿಕ್‌ನಿಂದ ಗೋಲು. ಎರಡು ಸಲ 120 ನಿಮಿಷ ಆಡಿ ಬಂದ ಕಾಲುಗಳು ಇನ್ನು ಏಳಲಾರವು ಎಂದು ಇಂಗ್ಲೆಂಡಿನ ಪಂಡಿತರು ಮೊದಲೇ ಹೇಳಿಯಾಗಿತ್ತು. 68ನೇ ನಿಮಿಷದಲ್ಲಿ ಡಿಫೆಂಡರ್ ತಲೆಯ ಮುಂದೆ ಕಾಲೆತ್ತಿ ಪೆರಿಶಿಚ್ ಸಮ ಮಾಡಿದರು. ದಾಲಿಚ್ 90 ನಿಮಿಷವೂ ಒಬ್ಬರನ್ನೂ ಬದಲಿಸಲಿಲ್ಲ! ಮೊದಲ ಬದಲಾವಣೆ ಬಂದದ್ದು ಹೆಚ್ಚುವರಿ ಸಮಯದಲ್ಲಿ. ಯಾರನ್ನು ಕೇಳಿದರೂ ನಾನು ಹೊರಗೆ ಬರುವುದಿಲ್ಲ ಎಂದರು ಎಂಬುದು ಪಂದ್ಯದ ನಂತರ ಅವರು ಕೊಟ್ಟ ವಿವರಣೆ. ಅನೇಕ ಕೋಚ್‌ಗಳು ಇದನ್ನು ತಮ್ಮ ಅಧಿಕಾರಕ್ಕೆ ಸವಾಲು ಎಂದುಕೊಳ್ಳುತ್ತಿದ್ದರು. ದಾಲಿಚ್ ಆಟಗಾರರ ಮಾತನ್ನು ನಂಬಿದರು. ಇಡೀ ಟೂರ್ನಿಯಲ್ಲಿ ಅವರು ತೆಗೆದುಕೊಂಡ ಅತಿ ದೊಡ್ಡ ನಿರ್ಧಾರ, ಏನೂ ಮಾಡದೆ ಕಾಯುವ ಆ ನಿರ್ಧಾರವೇ. ಬ್ರೋಜೊವಿಚ್ ಆ ರಾತ್ರಿ 16 ಕಿಲೋಮೀಟರ್‌ಗೂ ಹೆಚ್ಚು ಓಡಿದರು. 109ನೇ ನಿಮಿಷದಲ್ಲಿ ಮಾಂಜುಕಿಚ್ ಗೋಲು. ಕ್ರೊವೇಷಿಯಾ ಫೈನಲ್‌ಗೆ.

ಜುಲೈ 15ರ ಫೈನಲ್‌ನಲ್ಲಿ ಫ್ರಾನ್ಸ್ 4-2ರಿಂದ ಗೆದ್ದಿತು. ಮಾಂಜುಕಿಚ್ ತಲೆ ತಾಗಿದ ಸ್ವಂತ ಗೋಲು, ವಿಎಆರ್ ನೋಡಿ ಕೊಟ್ಟ ಹ್ಯಾಂಡ್‌ಬಾಲ್ ಪೆನಾಲ್ಟಿ: ಕ್ರೊವೇಷಿಯಾದವರಿಗೆ ಇವೆರಡೂ ಇವತ್ತಿಗೂ ನುಂಗಲಾರದ ತುತ್ತು. ಫೈನಲ್‌ನಂಥ ಪಂದ್ಯದಲ್ಲಿ ಅಂಥ ಪೆನಾಲ್ಟಿ ಕೊಡಬಾರದು ಎಂದು ದಾಲಿಚ್ ಹೇಳಿದರು, ಫ್ರಾನ್ಸನ್ನು ಅಭಿನಂದಿಸಿದರು. ಮೋಡ್ರಿಚ್‌ಗೆ ಟೂರ್ನಿಯ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್. ಮರುದಿನ ಜಾಗ್ರೆಬ್‌ನ ಬೀದಿಗಿಳಿದವರು ಸುಮಾರು ಐದೂವರೆ ಲಕ್ಷ ಜನ. ವಿಮಾನ ನಿಲ್ದಾಣದಿಂದ ಯೆಲಾಚಿಚ್ ಚೌಕಕ್ಕೆ ತೆರೆದ ಬಸ್ಸು ಬಂದು ತಲುಪಲು ಐದು ತಾಸು ಮೀರಿತು. ಎರಡು ವರ್ಷದ ಹಿಂದೆ ಇದೇ ತಂಡದ ಮೇಲೆ ಪಟಾಕಿ ಎಸೆದ ದೇಶ ಅದು.

ಇಳಿಜಾರು ಬೇಗನೆ ಬಂತು. ಎರಡೇ ತಿಂಗಳಲ್ಲಿ ಎಲ್ಚೆ ನಗರದಲ್ಲಿ ಸ್ಪೇನ್ ಕೈಯಲ್ಲಿ 0-6. ಮಾಂಜುಕಿಚ್, ಸುಬಾಶಿಚ್, ವೆದ್ರಾನ್ ಚೊರ್ಲುಕಾ ನಿವೃತ್ತರಾದರು, ಎರಡು ವರ್ಷದ ಬಳಿಕ ರಾಕಿಟಿಚ್. 2021ರಲ್ಲಿ ನಡೆದ ಯೂರೊದ 16ರ ಸುತ್ತಿನಲ್ಲಿ 1-3ರ ಹಿನ್ನಡೆಯಿಂದ 3-3ಕ್ಕೆ ಬಂದು, ಕೊನೆಗೆ ಸ್ಪೇನ್‌ಗೇ 3-5ರಿಂದ ಸೋತರು. ರಷ್ಯಾದ ಯಶಸ್ಸು ಅದೃಷ್ಟದ ಆಟ, ದಾಲಿಚ್ ಸಾಮಾನ್ಯ ಕೋಚ್ ಎನ್ನುವವರು ಆಗ ಬಹಳ ಇದ್ದರು. ಹಳಬರು ಹೋದಂತೆ ಅವರು ಒಬ್ಬೊಬ್ಬರನ್ನೇ ತಂದರು: ಯೊಶ್ಕೊ ಗ್ವಾರ್ಡಿಯೊಲ್, ಬೊರ್ನಾ ಸೊಸಾ, ಡೊಮಿನಿಕ್ ಲಿವಾಕೊವಿಚ್. ನಡುವಿನ ಮೋಡ್ರಿಚ್-ಬ್ರೋಜೊವಿಚ್ ಜೋಡಿಯನ್ನು ಅಲುಗಿಸಲಿಲ್ಲ, ಮೂರನೆಯವರಾಗಿ ಮಾಟೆಯೊ ಕೊವಾಚಿಚ್ ಬಂದರು.

2022ರ ಕತಾರ್‌ನಲ್ಲಿ ಲಿವಾಕೊವಿಚ್ ಜಪಾನ್ ವಿರುದ್ಧದ ಶೂಟೌಟ್‌ನಲ್ಲಿ ಮೂರು ಹೊಡೆತ ತಡೆದರು. ಕ್ವಾರ್ಟರ್‌ಫೈನಲ್‌ನಲ್ಲಿ ಬ್ರೆಜಿಲ್. ಹೆಚ್ಚುವರಿ ಸಮಯದಲ್ಲಿ ನೆಯ್ಮಾರ್ ಗೋಲು ಬಿದ್ದಾಗ ಎಲ್ಲ ಮುಗಿದಂತಿತ್ತು. ಗೆಲುವು ಕೈಯಲ್ಲಿದ್ದರೂ ಬ್ರೆಜಿಲ್ ಮುಂದಕ್ಕೆ ನುಗ್ಗಿತು. 117ನೇ ನಿಮಿಷದಲ್ಲಿ ಮಿಸ್ಲಾವ್ ಒರ್ಶಿಚ್ ಎಡಗಡೆಯಿಂದ ಓಡಿ ಬಂದು ಹಿಂದಕ್ಕೆ ಕೊಟ್ಟ ಚೆಂಡನ್ನು ಬ್ರೂನೊ ಪೆಟ್ಕೊವಿಚ್ ಒದ್ದರು, ಮಾರ್ಕಿನ್ಯೊಸ್ ಕಾಲಿಗೆ ತಾಗಿ ಅದು ಒಳಗೆ ಹೋಯಿತು. ಇಡೀ ಪಂದ್ಯದಲ್ಲಿ ಗೋಲಿನತ್ತ ಕ್ರೊವೇಷಿಯಾ ನೆಟ್ಟಗೆ ಹೊಡೆದ ಒಂದೇ ಹೊಡೆತ ಅದು. ಶೂಟೌಟ್‌ನಲ್ಲಿ 4-2. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಹಳೆಯ ಬಾಕಿ ತೀರಿಸಿತು, 3-0. ಮುಖವಾಡ ತೊಟ್ಟು ಆಡುತ್ತಿದ್ದ 20ರ ಗ್ವಾರ್ಡಿಯೊಲ್‌ರನ್ನು ಬಲಬದಿಯುದ್ದಕ್ಕೂ ತಿರುಗಿಸಿ ತಿರುಗಿಸಿ ಮೆಸ್ಸಿ ಮೂರನೇ ಗೋಲು ಕಟ್ಟಿಕೊಟ್ಟರು. ನಾಲ್ಕು ದಿನದ ನಂತರ ಮೊರೊಕ್ಕೊ ವಿರುದ್ಧ ಕಂಚಿನ ಪಂದ್ಯದಲ್ಲಿ ಮೊದಲ ಗೋಲು ಹೊಡೆದವರು ಇದೇ ಗ್ವಾರ್ಡಿಯೊಲ್. ಕ್ರೊವೇಷಿಯಾ 2-1ರಿಂದ ಗೆದ್ದಿತು. 1998ರಲ್ಲಿ ಚಿರೊ ತಂದ ಮೂರನೇ ಸ್ಥಾನವನ್ನು ಶಿಷ್ಯ ಮತ್ತೆ ತಂದಿದ್ದರು. ಎರಡು ತಿಂಗಳೊಳಗೆ, 2023ರ ಫೆಬ್ರುವರಿ 8ರಂದು, ಚಿರೊ ತೀರಿಕೊಂಡರು.

ಅದೇ ವರ್ಷದ ಜೂನ್‌ನಲ್ಲಿ ನೇಷನ್ಸ್ ಲೀಗ್ ಸೆಮಿಫೈನಲ್. ರಾಟರ್ಡ್ಯಾಮ್‌ನಲ್ಲಿ ನೆದರ್ಲೆಂಡ್ಸನ್ನು ಅದರ ಮನೆಯಲ್ಲೇ ಹೆಚ್ಚುವರಿ ಸಮಯದಲ್ಲಿ 4-2ರಿಂದ ಮಣಿಸಿ ಕ್ರೊವೇಷಿಯಾ ಫೈನಲ್ ಸೇರಿತು. ಟ್ರೋಫಿ ಈ ಸಲವೂ ದಕ್ಕಲಿಲ್ಲ. ಸ್ಪೇನ್ ಜೊತೆ 0-0, ಶೂಟೌಟ್‌ನಲ್ಲಿ 4-5. ದೊಡ್ಡ ಟೂರ್ನಿಗಳಲ್ಲಿ ಗೆಲ್ಲಿಸುತ್ತಾ ಬಂದ ಪೆನಾಲ್ಟಿಗಳೇ ಅಂದು ಕೈಕೊಟ್ಟವು. 2024ರ ಯೂರೊ ಇನ್ನೂ ಕಹಿ. ಲೈಪ್ಜಿಗ್‌ನಲ್ಲಿ ಇಟಲಿ ವಿರುದ್ಧ ಮೋಡ್ರಿಚ್ ಪೆನಾಲ್ಟಿ ಕೈಚೆಲ್ಲಿ ಮರುನಿಮಿಷವೇ ಗೋಲು ಹೊಡೆದಿದ್ದರು. 98ನೇ ನಿಮಿಷದಲ್ಲಿ ಜಕಾನ್ಯಿ ಅದನ್ನು ಸರಿಗಟ್ಟಿದರು. ಗುಂಪಿನ ಹಂತದಲ್ಲೇ ಕ್ರೊವೇಷಿಯಾ ಹೊರಬಿತ್ತು. ಹಳಬರನ್ನು ಇನ್ನೆಷ್ಟು ದಿನ ಹಿಡಿದುಕೊಳ್ಳುತ್ತೀರಿ ಎಂದು ಪತ್ರಿಕೆಗಳು ಕೇಳಿದವು, ಆ ಪ್ರಶ್ನೆಯಲ್ಲಿ ಹುರುಳೂ ಇತ್ತು. ನಂಬಿದವರನ್ನು ಬಿಡದಿರುವ ಗುಣವೇ ದಾಲಿಚ್ ಅವರನ್ನು ಮೇಲೆತ್ತಿದ್ದು, ಕೆಲವೊಮ್ಮೆ ಹಿಂದಕ್ಕೆಳೆದದ್ದೂ ಅದೇ.

ಅವರು ಹುದ್ದೆ ಬಿಡಲಿಲ್ಲ, ಒಕ್ಕೂಟವೂ ಬಿಡಿ ಎನ್ನಲಿಲ್ಲ. 2025ರ ನವೆಂಬರ್ 14ರಂದು ಫ್ಯಾರೊ ದ್ವೀಪಗಳ ತಂಡವನ್ನು 3-1ರಿಂದ ಸೋಲಿಸಿ ಕ್ರೊವೇಷಿಯಾ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ದಾಲಿಚ್ ಅವರಿಗೆ ಕೋಚ್ ಆಗಿ ಅದು ಸತತ ಮೂರನೇ ವಿಶ್ವಕಪ್. ಪಂದ್ಯ ನಡೆದದ್ದು ರಿಯೆಕಾದ ರುಯೆವಿತ್ಸಾದಲ್ಲಿ. ನಾಯಕ ಮೋಡ್ರಿಚ್‌ಗೆ ಆಗ 40 ವರ್ಷ ತುಂಬಿತ್ತು. ಮುಂದಿನ ತಿಂಗಳು ಗುಂಪುಗಳ ಚೀಟಿ ಎತ್ತಿದಾಗ ಕ್ರೊವೇಷಿಯಾದ ಜೊತೆ ಬಂದ ಹೆಸರುಗಳಲ್ಲಿ ಘಾನಾ, ಪನಾಮಾ ಅಲ್ಲದೆ ಇಂಗ್ಲೆಂಡ್ ಕೂಡ ಇತ್ತು.